ಮಳೆಗಾಲದಲ್ಲಿ ಸೈಟಿನ ಮಷೀನು: ತುಕ್ಕಿಗೂ ಕಳ್ಳರಿಗೂ ಸಿಗದ ಹಾಗೆ ಇಡುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮನೆ, ಮೋರಿ, ಕಾಂಪೌಂಡಿನಂಥ ಸಣ್ಣ ಕೆಲಸ ಮಾಡಿಸುವ ಕಂಟ್ರಾಕ್ಟರ್. ನನ್ನ ಹತ್ತಿರ ಒಂದು 10/7 ಕಾಂಕ್ರೀಟ್ ಮಿಕ್ಸರ್, ಎರಡು ವೈಬ್ರೇಟರ್, ಒಂದು ಬಾರ್ ಕಟಿಂಗ್ ಮಷೀನು, ಸ್ಲ್ಯಾಬ್ ಹಾಕುವಾಗ ಅಡಿಗೆ ಕೊಡುವ ಸುಮಾರು 300 ಕಬ್ಬಿಣದ ಸೆಂಟ್ರಿಂಗ್ ಶೀಟು ಇವೆ. ಸಾಲ ಮಾಡಿ ಒಂದು ಹಳೇ ಜೆಸಿಬಿ ಕೂಡ ತಗೊಂಡಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ಕೊನೆವರೆಗೆ ಕೆಲಸ ಬಂದ್. ಕಳೆದ ವರ್ಷ ಎಲ್ಲವನ್ನೂ ಸೈಟಿನಲ್ಲೇ ಬಿಟ್ಟು, ಸುಟ್ಟ ಆಯಿಲ್ ಬಳಿದು, ಟಾರ್ಪಾಲು ಬಿಗಿದು ಕಟ್ಟಿ ಬಂದಿದ್ದೆ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ಮಿಕ್ಸರ್ ಎಂಜಿನ್ ಜಾಮ್ ಆಗಿತ್ತು. ಜೆಸಿಬಿಯ ಬ್ಯಾಟರಿ, ಡೀಸೆಲ್ ಮತ್ತು ಸುಮಾರು 40 ಶೀಟು ಕಳುವಾಗಿದ್ದವು. ರಾಯಚೂರು ಕಡೆಯ ಕೆಲಸದವರ ಮೇಲೆ ನನಗೆ ಅನುಮಾನ. ಈ ಸಲ ಸಿಸಿ ಕ್ಯಾಮೆರಾ ಹಾಕಿಸಲೋ, ವಾಚ್‌ಮನ್ ಇಡಲೋ? ಬೇಲಿಗೆ ಕರೆಂಟ್ ಕೊಡಿ ಅಂತಲೂ ಕೆಲವರು ಹೇಳುತ್ತಿದ್ದಾರೆ. ಜೆಸಿಬಿಗೆ ಇನ್ಶೂರೆನ್ಸ್ ಇದೆ, ಆದರೆ ಏಜೆಂಟರು ಏನೂ ಬರಲ್ಲ ಅಂದರು. ಜಾಮ್ ಆದ ಎಂಜಿನ್ ಇನ್ನೂ ಹಾಗೇ ಇದೆ. ದಾರಿ ತೋರಿಸಿ.

ಉತ್ತರ: ಮೊದಲು ಕೊನೆಯ ಸಂಗತಿ. ಆ ಎಂಜಿನ್ನಿನ ಹ್ಯಾಂಡಲ್ ಮೇಲೆ ಯಾರೂ ಬಲ ಹಾಕದ ಹಾಗೆ ನೋಡಿಕೊಳ್ಳಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ತುಕ್ಕು ಒಂದು ನಷ್ಟ, ಕಳವು ಇನ್ನೊಂದು ನಷ್ಟ ಅಂತ ನೀವು ಬೇರೆ ಬೇರೆಯಾಗಿ ಬರೆದಿದ್ದೀರಿ. ಮಷೀನು ರಿಪೇರಿ ಮತ್ತು ನಿರ್ವಹಣೆಯ ಕೆಲಸದಲ್ಲಿ ಮಲೆನಾಡು, ಕರಾವಳಿಯ ಸೈಟುಗಳಲ್ಲಿ ನಾನು ನೋಡಿದ ಮಟ್ಟಿಗೆ ಎರಡಕ್ಕೂ ಮೂಲ ಒಂದೇ. ಮೂರ್ನಾಲ್ಕು ತಿಂಗಳು ಆ ಕಡೆ ಯಾರೂ ತಲೆ ಹಾಕಿರುವುದಿಲ್ಲ. ಕೆಲಸ ನಡೆಯುವ ಸೈಟಿನಲ್ಲಿ ಮಷೀನು ಕೆಡುವುದು ಕಡಿಮೆ, ಕಳುವಾಗುವುದೂ ಕಡಿಮೆ. ಆದ್ದರಿಂದ ನೀವು ಖರ್ಚು ಮಾಡುವ ಪ್ರತಿ ರೂಪಾಯಿಯೂ ಆದಷ್ಟು ಎರಡೂ ಕೆಲಸಕ್ಕೆ ಆಗಬೇಕು. ಹೊತ್ತು ಒಯ್ಯಬಹುದಾದ್ದು ಮನೆಗೆ ಬರಲಿ. ಒಯ್ಯಲಾಗದ್ದು ನಿಂತ ಜಾಗದಿಂದ ಅಲುಗದ ಹಾಗೆ ಆಗಲಿ. ಆಮೇಲೆ ಮುಚ್ಚುವ ಮಾತು. ಕ್ಯಾಮೆರಾ ಎಲ್ಲಕ್ಕಿಂತ ಕೊನೆಗೆ.

ಈಗ ಟಾರ್ಪಾಲು. ಬಿಗಿಯಾಗಿ ಸುತ್ತಿದಷ್ಟೂ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ನಮ್ಮ ಕಡೆಯ ಮಳೆಗೆ ಇದು ಸರಿಹೋಗಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜುಲೈನಲ್ಲಿ ಗಾಳಿಯೇ ಒದ್ದೆ. ನೆಲದಿಂದ ಏಳುವ ತೇವ ಟಾರ್ಪಾಲಿನ ಒಳಗೆ ಸಿಕ್ಕಿಕೊಳ್ಳುತ್ತದೆ. ರಾತ್ರಿ ತಣ್ಣಗಾದಾಗ ಅದೇ ನೀರಾಗಿ ಕಬ್ಬಿಣದ ಮೇಲೆ ಕೂರುತ್ತದೆ. ಬಯಲಲ್ಲಿದ್ದ ಮಷೀನು ನಡುನಡುವೆ ಗಾಳಿಗೆ ಒಣಗುತ್ತದೆ. ಬಿಗಿದು ಕಟ್ಟಿದ್ದು ಒಣಗುವುದೇ ಇಲ್ಲ. ಹಾಗಾಗಿ ಟಾರ್ಪಾಲನ್ನು ಸುತ್ತಬೇಡಿ, ಚಪ್ಪರದ ಹಾಗೆ ಮೇಲೆ ಕಟ್ಟಿ. ಮಷೀನಿಗೂ ಅದಕ್ಕೂ ಒಂದೆರಡು ಅಡಿ ಸಂದು ಇರಲಿ. ಎರಡು ಬದಿ ತೆರೆದಿರಲಿ, ಒಂದು ಕಡೆಗೆ ಇಳಿಜಾರು ಇರಲಿ. ನಾಲ್ಕು ಅಡಿಕೆ ಮರದ ಕಂಬ, ಮೇಲೆ ತಗಡು ಹಾಕಿದರೆ ಇನ್ನೂ ಒಳ್ಳೆಯದು.

ಸುಟ್ಟ ಆಯಿಲ್ ಬಗ್ಗೆಯೂ ಇಂಥದ್ದೇ ನಂಬಿಕೆ ಇದೆ. ಪುಕ್ಕಟೆ ಸಿಗುತ್ತದೆ, ಬಳಿದರೆ ಕಪ್ಪಗೆ ಹೊಳೆಯುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಎಂಜಿನ್ನಿನಲ್ಲಿ ಉರಿದು ಬಂದ ಎಣ್ಣೆಯಲ್ಲಿ ಮಸಿ ಇರುತ್ತದೆ, ನೀರಿನ ಅಂಶ ಇರುತ್ತದೆ, ಆಮ್ಲ ಇರುತ್ತದೆ. ಕಬ್ಬಿಣ ಕಾಯಬೇಕಾದ್ದೇ ಕಬ್ಬಿಣ ತಿನ್ನುತ್ತದೆ. ರಬ್ಬರ್ ಹೋಸ್‌ಗಳಿಗೂ ಒಳ್ಳೆಯದಲ್ಲ. ಮಳೆಗೆ ತೊಳೆದು ಹೋಗಿ ಯಾರದೋ ತೋಟಕ್ಕೆ, ಹಳ್ಳಕ್ಕೆ ಸೇರುತ್ತದೆ. ಶೀಟಿಗೆ ಬಳಿದರೆ ಸ್ಲ್ಯಾಬಿನ ತಳ ಕಲೆಯಾಗುತ್ತದೆ. ಅದು ಸರಳಿಗೆ ತಾಗಿದರಂತೂ ಕಾಂಕ್ರೀಟು ಸರಿಯಾಗಿ ಹಿಡಿಯುವುದಿಲ್ಲ. ಪಿನ್ನು, ಬುಶ್ಶು, ಗೇರಿಗೆ ಗ್ರೀಸ್ ಸಾಕು. ಬರಿ ಕಬ್ಬಿಣಕ್ಕೆ ತುಕ್ಕು ತಡೆಯುವ ಎಣ್ಣೆ ಅಂತಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಚ್ಚಿ. ಇದೇ ಕಾರಣಕ್ಕೆ ಎಂಜಿನ್ ಆಯಿಲನ್ನು ಮಳೆಗಾಲ ಮುಗಿದ ಮೇಲಲ್ಲ, ಶುರುವಾಗುವ ಮೊದಲೇ ಬದಲಾಯಿಸಬೇಕು. ನಾಲ್ಕು ತಿಂಗಳು ಹಳೇ ಆಯಿಲ್ ನಿಂತರೆ ಬೇರಿಂಗಿಗೆ ಪೆಟ್ಟು.

ಆದರೂ ನಿಮ್ಮ ಮಿಕ್ಸರ್ ಎಂಜಿನ್ ಹಾಳಾಗಿದ್ದು ಆಯಿಲಿನಿಂದ ಅಲ್ಲ ಅಂತ ನನ್ನ ಅಂದಾಜು. ಅದರ ಸೈಲೆನ್ಸರ್ ನೋಡಿ. ಹೆಚ್ಚಿನ ಮಿಕ್ಸರ್‌ಗಳಲ್ಲಿ ಅದು ನೆಟ್ಟಗೆ ಮೇಲಕ್ಕೆ ಬಾಯಿ ತೆರೆದುಕೊಂಡಿರುತ್ತದೆ. ಟಾರ್ಪಾಲು ಅಲ್ಲೇ ಮೊದಲು ಹರಿಯುತ್ತದೆ. ಮಳೆ ನೀರು ಪೈಪಿನಲ್ಲಿ ಇಳಿದು, ಎಂಜಿನ್ ನಿಂತಾಗ ಎಕ್ಸಾಸ್ಟ್ ವಾಲ್ವ್ ತೆರೆದಿದ್ದರೆ ನೇರ ಸಿಲಿಂಡರಿಗೆ ಹೋಗುತ್ತದೆ. ಪಿಸ್ಟನ್ ರಿಂಗಿಗೂ ಲೈನರಿಗೂ (ಸಿಲಿಂಡರಿನ ಒಳಗಿನ ಕೊಳವೆ) ನಡುವೆ ತುಕ್ಕು ಬೆಳೆದು ಎರಡೂ ಅಂಟಿಕೊಳ್ಳುತ್ತವೆ. ಇದನ್ನು ತಪ್ಪಿಸಲು ದುಡ್ಡೇ ಬೇಡ. ಸೈಲೆನ್ಸರ್ ಬಾಯಿಗೆ ಒಂದು ಡಬ್ಬ ಕವುಚಿ ತಂತಿ ಕಟ್ಟಿ. ಆಮೇಲೆ ಫ್ಲೈವೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಗಟ್ಟಿಯಾಗಿ ತಡೆಯುತ್ತದೆ, ಅದು ಕಂಪ್ರೆಷನ್. ಅಲ್ಲೇ ಬಿಡಿ. ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ನೀರಿಗೂ ತೇವಕ್ಕೂ ದಾರಿ ಇಲ್ಲ. ಹಾಗೆ ನಿಲ್ಲಿಸುವ ಮೊದಲು ಗಾಳಿ ಒಳಹೋಗುವ ಇನ್‌ಟೇಕ್ ಕಡೆಯಿಂದ ಒಂದೆರಡು ಚಮಚ ಹೊಸ ಆಯಿಲ್ ಬಿಟ್ಟು, ಕಂಪ್ರೆಷನ್ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಕೈಯಲ್ಲೇ ಕೆಲವು ಸುತ್ತು ತಿರುಗಿಸಿದರೆ ಲೈನರಿಗೆ ಎಣ್ಣೆಯ ಪದರ ಕೂರುತ್ತದೆ. ಮಿಕ್ಸರಿಗೆ ಹೇಗೂ ಚಕ್ರ ಇದೆ, ಟ್ರ್ಯಾಕ್ಟರಿಗೆ ಕಟ್ಟಿ ಮನೆಯ ಕೊಟ್ಟಿಗೆಗೋ ಅಡಿಕೆ ಶೆಡ್ಡಿಗೋ ತಂದುಬಿಡಿ. ತರುವ ಮೊದಲು ಡ್ರಮ್ಮಿನೊಳಗೆ ಅಂಟಿದ ಕಾಂಕ್ರೀಟು ತೆಗೆಸಿ. ಅದರ ಅಡಿಯಲ್ಲೇ ತಗಡು ತೂತು ಬೀಳುವುದು.

ಜೆಸಿಬಿಯನ್ನು ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು ಅಂತ ಹೇಳುವವರು ಸಿಗುತ್ತಾರೆ. ಐದು ನಿಮಿಷ ಓಡಿಸುವುದಕ್ಕಿಂತ ಓಡಿಸದೇ ಇರುವುದೇ ವಾಸಿ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಉರಿದಾಗ ಹುಟ್ಟುವ ನೀರಿನ ಆವಿ ಒಳಗೇ ಉಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಬೇಕು. ಹದಿನೈದು ದಿನಕ್ಕೊಮ್ಮೆ ಹೋಗಿ ಅರ್ಧ ಗಂಟೆ ಓಡಿಸಿ. ಬೂಮು, ಬಕೆಟ್ಟು, ಸ್ಟೆಬಿಲೈಜರ್ (ಗಾಡಿ ಅಲುಗದಂತೆ ನೆಲಕ್ಕೆ ಊರುವ ಕಾಲು) ಎಲ್ಲವನ್ನೂ ಪೂರ್ತಿ ಆಡಿಸಿ. ಹೊಸ ಹೈಡ್ರಾಲಿಕ್ ಎಣ್ಣೆಯ ಪದರ ರಾಡುಗಳ ಮೇಲೆ ಕೂರುತ್ತದೆ. ಇನ್ನೂ ಒಂದು ಲಾಭ ಇದೆ. ಈ ಗಾಡಿಯ ಹತ್ತಿರ ಯಾರೋ ಬಂದು ಹೋಗುತ್ತಾರೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಆ ರಾಡುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೈಡ್ರಾಲಿಕ್ ಸಿಲಿಂಡರಿನಿಂದ ಹೊರಗೆ ಬರುವ ಬೆಳ್ಳಗೆ ಹೊಳೆಯುವ ರಾಡಿಗೆ ಕ್ರೋಮ್ ಲೇಪ ಇರುತ್ತದೆ. ಅದರಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಗುಳಿ ಬಿದ್ದರೂ ಸಾಕು. ರಾಡು ಒಳಹೋಗಿ ಹೊರಬರುವಾಗಲೆಲ್ಲ ಆ ಗುಳಿಯ ಅಂಚು ಸೀಲನ್ನು ಕೊರೆಯುತ್ತದೆ. ಆಮೇಲೆ ಎಷ್ಟು ಸಲ ಸೀಲ್ ಕಿಟ್ ಹಾಕಿಸಿದರೂ ಎಣ್ಣೆ ಸೋರುತ್ತದೆ. ಆದ್ದರಿಂದ ನಿಲ್ಲಿಸುವಾಗ ರಾಡುಗಳು ಆದಷ್ಟು ಒಳಗೆ ಹೋಗಿರಬೇಕು, ಹೊರಗುಳಿದ ಭಾಗಕ್ಕೆ ಗ್ರೀಸ್ ಸವರಬೇಕು. ಮತ್ತೆ ಓಡಿಸುವ ಮೊದಲು ಆ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಯಾಕೆಂದರೆ ಅದಕ್ಕೆ ಮಣ್ಣು ಅಂಟಿರುತ್ತದೆ. ಕುಂದಾಪುರ, ಭಟ್ಕಳದ ಕಡೆ ಸಮುದ್ರದ ಉಪ್ಪುಗಾಳಿ ತಾಗುವ ಸೈಟಿನವರು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆದು ಈ ಕೆಲಸ ಮಾಡಬೇಕು.

ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ, ಗಾಡಿ ಓಡಿಸಲು ಹೋಗುವಾಗ ಜೊತೆಗೆ ಒಯ್ಯಿರಿ. ಒಂದೇ ಕೆಲಸ, ಎರಡು ಲಾಭ ಅಂತ ನಾನು ಹೇಳುವುದರಲ್ಲಿ ಇದೇ ಮೊದಲನೆಯದು. ಗುಜರಿಯಲ್ಲಿ ಸೀಸಕ್ಕೆ ಒಳ್ಳೇ ರೇಟು, ಹಾಗಾಗಿ ಕಳ್ಳರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಬ್ಯಾಟರಿ ಇಲ್ಲದ ಗಾಡಿ ಓಡಿಸಿಕೊಂಡು ಹೋಗುವುದೂ ಕಷ್ಟ. ಬಿಚ್ಚುವಾಗ ಮೈನಸ್ ವೈರ್ ಮೊದಲು, ಹಾಕುವಾಗ ಅದೇ ಕೊನೆಗೆ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅಂತ ಹಲಗೆ ಹುಡುಕಬೇಕಾಗಿಲ್ಲ. ಅದು ಹಿಂದಿನ ಕಾಲದ ಮರದ, ರಬ್ಬರಿನ ಪೆಟ್ಟಿಗೆಯ ಬ್ಯಾಟರಿಗಳ ಕತೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ನೆಲದಿಂದ ಏನೂ ಆಗಲ್ಲ. ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ, ಎಲ್ಲಿಟ್ಟರೂ ಇಳಿಯುತ್ತದೆ. ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ. 12.4ಕ್ಕೆ ಬಂದರೆ ಚಾರ್ಜಿಗೆ ಹಾಕಿ.

ಡೀಸೆಲ್ ವಿಷಯದಲ್ಲಿ ಎರಡು ಬುದ್ಧಿಮಾತು ಒಂದಕ್ಕೊಂದು ವಿರುದ್ಧ. ಟ್ಯಾಂಕು ತುಂಬಿಸಿಡಿ, ಖಾಲಿ ಜಾಗ ಇದ್ದರೆ ಅಲ್ಲಿನ ಗಾಳಿಯ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ, ನೀರಿದ್ದಲ್ಲಿ ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತದೆ ಅನ್ನುತ್ತಾರೆ ಮೆಕ್ಯಾನಿಕ್‌ಗಳು. ಅದು ನಿಜ. ತುಂಬಿದ ಟ್ಯಾಂಕು ಕಳ್ಳರಿಗೆ ಆಹ್ವಾನ ಅನ್ನುತ್ತಾರೆ ಕಂಟ್ರಾಕ್ಟರುಗಳು. ಅದೂ ನಿಜ. ನನ್ನ ಲೆಕ್ಕ ಹೀಗೆ. ಗಾಡಿ ಮನೆಯ ಅಂಗಳದಲ್ಲಿದ್ದರೆ ತುಂಬಿಸಿ. ದೂರದ ಸೈಟಿನಲ್ಲಿದ್ದರೆ ಹದಿನೈದು ದಿನಕ್ಕೊಮ್ಮೆ ಓಡಿಸಲು ಬೇಕಾದಷ್ಟೇ ಬಿಡಿ, ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ಲಿನ ನೀರು ಬೇರ್ಪಡಿಸುವ ವಾಟರ್ ಸೆಪರೇಟರಿನ ಅಡಿಯ ತಿರುಪು ಬಿಚ್ಚಿ ನೀರು ಇಳಿಸಿ. ನೂರು ಲೀಟರಿಗೂ ಮೀರಿ ಹಿಡಿಯುವ ಟ್ಯಾಂಕಿನ ಡೀಸೆಲ್ ಕಳೆದುಕೊಳ್ಳುವುದಕ್ಕಿಂತ ಒಂದು ಫಿಲ್ಟರ್ ಬದಲಾಯಿಸುವುದು ಅಗ್ಗ. ಬೀಗದ ಮುಚ್ಚಳದ ಜೊತೆ ಟ್ಯಾಂಕಿನ ಬಾಯಿಯೊಳಗೆ ಪೈಪು ಇಳಿಯದಂಥ ಜಾಲರಿಯನ್ನೂ ಹಾಕಿಸಿ.

ಗಾಡಿ ನಿಲ್ಲಿಸುವ ಜಾಗ ಗಟ್ಟಿ ಜಂಬಿಟ್ಟಿಗೆಯ ನೆಲ ಆಗಿರಲಿ. ಹೊಸದಾಗಿ ತುಂಬಿದ ಮಣ್ಣು ಬೇಡ, ಹಳ್ಳದ ದಂಡೆ ಬೇಡ, ಕಡಿದ ಧರೆಯ ಬುಡ ಬೇಡವೇ ಬೇಡ. ದೊಡ್ಡ ಮರದ ಅಡಿಯೂ ಬೇಡ. ಬಕೆಟ್ಟು ನೆಲಕ್ಕೆ ಊರಿ, ಸ್ಟೆಬಿಲೈಜರ್ ಇಳಿಸಿ. ಸೈಟಿನ ಶೆಡ್ಡಿನಲ್ಲಿ ಸಾಮಾನು ಉಳಿಯುವುದಾದರೆ ಅದರ ಬಾಗಿಲಿಗೆ ಅಡ್ಡವಾಗಿ ಜೆಸಿಬಿ ನಿಲ್ಲಿಸಿ. ಕ್ಯಾಬಿನ್ನಿನಲ್ಲಿ ತಿಂಡಿಯ ಚೂರು ಬಿಡಬೇಡಿ. ಇಲಿ ಬಂದರೆ ವೈರಿಂಗ್ ಕಡಿಯದೆ ಹೋಗಲ್ಲ.

ಕೀಲಿಯ ಬಗ್ಗೆ ಬಹಳ ಜನ ಮಾಲೀಕರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಟ್ಟಡ ಕೆಲಸದ ಮಷೀನುಗಳಲ್ಲಿ, ಅದರಲ್ಲೂ ಹಳೇ ಮಾಡೆಲ್ಲುಗಳಲ್ಲಿ, ಒಂದು ಕಂಪನಿಯ ಎಷ್ಟೋ ಗಾಡಿಗಳಿಗೆ ಒಂದೇ ಕೀಲಿ ಆಗುತ್ತದೆ. ಕೀಲಿ ನಿಮ್ಮ ಜೇಬಿನಲ್ಲಿದೆ ಅಂತ ನಿಶ್ಚಿಂತೆಯಾಗಿ ಇರಬೇಡಿ. ಬ್ಯಾಟರಿ ಕಟ್ ಮಾಡುವ ಐಸೊಲೇಟರ್ ಸ್ವಿಚ್ಚು ಹಾಕಿಸಿ. ಜೊತೆಗೆ ಡೀಸೆಲ್ ಲೈನಿನಲ್ಲಿ ಕಣ್ಣಿಗೆ ಬೀಳದ ಕಡೆ ಒಂದು ವಾಲ್ವ್ ಇರಲಿ. ಬ್ಯಾಟರಿ ಹೊತ್ತು ತಂದು ಗಾಡಿ ಒಯ್ಯಲು ನೋಡಿದರೂ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ.

ವೈಬ್ರೇಟರ್, ಬಾರ್ ಕಟಿಂಗ್ ಮಷೀನಿನ ಮೋಟಾರು, ಕೇಬಲ್ಲು ಎಲ್ಲ ಮನೆಗೆ. ಒಲೆಯ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಣ ಜಾಗ ಮಲೆನಾಡಿನಲ್ಲಿ ಇನ್ನೊಂದಿಲ್ಲ. ಮಳೆ ಬಿಟ್ಟ ಮೇಲೆ ಮೋಟಾರಿಗೆ ನೇರ ಕರೆಂಟ್ ಕೊಡಬೇಡಿ. ವೈಂಡಿಂಗ್ ತೇವ ಹೀರಿರುತ್ತದೆ, ಸ್ವಿಚ್ ಹಾಕಿದ ಕೂಡಲೇ ಸುಡಬಹುದು ಅಥವಾ ಮೋಟಾರಿನ ಮೈಗೆ ಕರೆಂಟ್ ಬರಬಹುದು. ಎಲೆಕ್ಟ್ರಿಷಿಯನ್ ಹತ್ತಿರ ವೈಂಡಿಂಗಿನ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಇರುತ್ತದೆ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಬಿಸಿಲಿಗಿಟ್ಟು ಒಣಗಿಸಿ. ಬಿಸಿಲಿಲ್ಲದಿದ್ದರೆ ಪೆಟ್ಟಿಗೆಯಲ್ಲಿ 100 ವ್ಯಾಟಿನ, ಬಿಸಿಯಾಗುವ ಹಳೇ ತರದ ಬಲ್ಬು (ಎಲ್‌ಇಡಿ ಅಲ್ಲ) ಉರಿಸಿ, ಮೋಟಾರನ್ನು ಅದರ ಪಕ್ಕದಲ್ಲಿಡಿ. ಆಮೇಲೆ ಮತ್ತೆ ಅಳೆಯಿರಿ. ಸಿಮೆಂಟ್ ಉಳಿದಿದ್ದರೆ ಕಾಪಾಡಲು ಒದ್ದಾಡಬೇಡಿ. ಜೂನ್‌ಗೆ ಮೊದಲೇ ಯಾರಿಗಾದರೂ ಕೊಟ್ಟುಬಿಡಿ.

ಇನ್ನು ಶೀಟುಗಳು. ಒಂದರ ಮೇಲೊಂದು ಮಲಗಿಸಿ ಇಡುವುದೇ ದೊಡ್ಡ ತಪ್ಪು. ಎರಡು ಶೀಟಿನ ಸಂದಿಗೆ ಇಳಿದ ನೀರು ಹೊರಗೆ ಬರುವುದಿಲ್ಲ. ಅಂಟಿದ ಕಾಂಕ್ರೀಟು ಕೆರೆದು, ನೆಲದಿಂದ ಎತ್ತರಿಸಿ, ಓರೆಯಾಗಿ ನಿಲ್ಲಿಸಿ. ಅಂಚಿನ ಆಂಗಲ್ಲಿನಲ್ಲಿ ಹೇಗೂ ತೂತು ಇರುತ್ತದೆ. ಅವುಗಳಲ್ಲಿ ಸರಪಳಿ ಪೋಣಿಸಿ ಬೀಗ ಹಾಕಿ. ಕತ್ತರಿಸಲು ಆಗಲ್ಲ ಅಂತಲ್ಲ. ಕಳ್ಳನಿಗೆ ಹೊತ್ತು ಹಿಡಿಯಬೇಕು, ಸದ್ದಾಗಬೇಕು, ಅಷ್ಟೇ.

ಬಣ್ಣ ಬಳಿದು ಗುರುತು ಮಾಡುವುದು ಎಲ್ಲರೂ ಮಾಡುತ್ತಾರೆ. ಬಣ್ಣ ಕೆರೆದರೆ ಹೋಯಿತು, ಅಲ್ವಾ? ಅದರ ಜೊತೆಗೆ ಪ್ರತಿ ಶೀಟಿನ ಹಿಂಬದಿಯ ಆಂಗಲ್ ಮೇಲೆ ವೆಲ್ಡಿಂಗ್‌ನಿಂದ ನಿಮ್ಮ ಹೆಸರಿನ ಒಂದಕ್ಷರ ಎಳೆಸಿ. ಮಷೀನುಗಳ ಮೇಲೆ ಅಕ್ಷರದ ಪಂಚ್ ಹೊಡೆಸಿ. ಆಮೇಲೆ ಮಾಡಬೇಕಾದ ಮುಖ್ಯ ಕೆಲಸವನ್ನೇ ಹೆಚ್ಚಿನವರು ಬಿಡುತ್ತಾರೆ. ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗದ ಗುಜರಿ ಅಂಗಡಿಗಳಿಗೆ, ಸೆಂಟ್ರಿಂಗ್ ಬಾಡಿಗೆ ಕೊಡುವವರಿಗೆ ಆ ಗುರುತಿನ ಫೋಟೋ ಮೊದಲೇ ಕೊಟ್ಟಿಡಿ. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡರೆ ಕೊಂಡವರ ಮೇಲೂ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಲ್ಲಿ ಕೇಸಾಗುತ್ತದೆ. ಮಾರಲಾಗದ ಮಾಲನ್ನು ಯಾರೂ ಹೊತ್ತೊಯ್ಯುವುದಿಲ್ಲ.

ಕ್ಯಾಮೆರಾನಾ, ವಾಚ್‌ಮನ್ನಾ ಅಂತ ಕೇಳಿದ್ದೀರಿ. ನಿಮ್ಮ ಜಾಗಕ್ಕೆ ಕ್ಯಾಮೆರಾ ನನಗೆ ಒಪ್ಪಿಗೆಯಿಲ್ಲ. ಸೋಲಾರ್ ಕ್ಯಾಮೆರಾಕ್ಕೆ ಬಿಸಿಲು ಬೇಕು. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಊರು ನಿಮ್ಮದು. ಸಿಮ್ ಇರುವ ಕ್ಯಾಮೆರಾಕ್ಕೆ ನೆಟ್‌ವರ್ಕ್ ಬೇಕು. ಕರೆಂಟ್ ಹೋದರೆ ಎಷ್ಟೋ ಸಲ ಟವರ್ ಕೂಡ ಹೋಗುತ್ತದೆ. ಶಿವಮೊಗ್ಗ ಪೇಟೆಯೊಳಗಿನ ಸೈಟಾಗಿದ್ದರೆ ಬೇರೆ ಮಾತು. ಜೆಸಿಬಿಗೆ ಜಿಪಿಎಸ್ ಹಾಕಿಸುವುದು ಒಳ್ಳೆಯದೇ, ಆದರೆ ಸ್ವಂತ ಬ್ಯಾಟರಿ ಇರುವಂಥದ್ದು ತಗೊಳ್ಳಿ, ಗಾಡಿಯ ಬ್ಯಾಟರಿ ಬಿಚ್ಚಿದರೂ ನಡೆಯಬೇಕು. ಅದು ಕಳವು ತಡೆಯಲ್ಲ, ಗಾಡಿ ಅಲುಗಿದ್ದನ್ನು ತಿಳಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಅದೂ ತಡವಾಗುತ್ತದೆ.

ವಾಚ್‌ಮನ್ ಇಡುವುದಾದರೆ ಒಬ್ಬ ಮುದುಕರನ್ನು ಸೋರುವ ಶೆಡ್ಡಿನಲ್ಲಿ ಕೂರಿಸಿ ಬರಬೇಡಿ. ಹಾಗೆ ಮಾಡುವುದನ್ನು ಬೇಕಾದಷ್ಟು ನೋಡಿದ್ದೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ. ಅಪಾಯ ಅವರಿಗೆ, ಉಪಯೋಗ ಯಾರಿಗೂ ಇಲ್ಲ. ಒಣ ಜಾಗ, ದೀಪ, ಶೌಚಾಲಯ, ಕೆಲಸ ಮಾಡುವ ಫೋನು, ತಿಂಗಳಿಗೆ ಸರಿಯಾಗಿ ಸಂಬಳ ಕೊಡಲು ಆದರೆ ಇಡಿ. ಆಗದಿದ್ದರೆ ಸೈಟಿನ ಹತ್ತಿರದ ಮನೆಯವರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವರಿಗೇ ಬಾಡಿಗೆ ಕೊಡಿ. ಒಂದು ಮನೆ, ಒಂದು ನಾಯಿ, ಬೆಳಿಗ್ಗೆ ಎದ್ದರೆ ಕಣ್ಣಿಗೆ ಬೀಳುವ ಗಾಡಿ. ನಾಲ್ಕು ತಿಂಗಳ ಮಟ್ಟಿಗೆ ನಿಮಗೆ ಇದಕ್ಕಿಂತ ಒಳ್ಳೇ ದಾರಿ ನನಗೆ ಕಾಣುವುದಿಲ್ಲ.

ಬೇಲಿಗೆ ಕರೆಂಟ್ ಕೊಡುವ ಯೋಚನೆ ಈಗಲೇ ಬಿಡಿ. ಒದ್ದೆ ನೆಲದಲ್ಲಿ ಅದು ಸಾವಿನ ಬಲೆ. ಸಿಕ್ಕಿಕೊಳ್ಳುವುದು ಕಳ್ಳನೇ ಆಗಬೇಕಿಲ್ಲ, ದನ ಹುಡುಕಿ ಬಂದ ಹುಡುಗ ಆಗಬಹುದು. ಯಾರೇ ಸತ್ತರೂ ನಿಮ್ಮ ಮೇಲೆ ನರಹತ್ಯೆಯ ಕೇಸು ಬೀಳುತ್ತದೆ.

ಕೆಲಸದವರ ಮೇಲಿನ ಅನುಮಾನಕ್ಕೂ ಒಂದು ಮಾತು. ರಾಯಚೂರು ಕಡೆಯವರು ಸಾಮಾನ್ಯವಾಗಿ ಮುಂಗಾರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ನಿಮ್ಮ ಮಾಲು ಹೋಗಿದ್ದು ಮಳೆಗಾಲದಲ್ಲಿ. ಅವರು ಆಗ ಇಲ್ಲಿದ್ದರಾ ಅಂತ ಮೊದಲು ನೋಡಿ. ಸೈಟಿನಲ್ಲಿ ಏನಿದೆ, ಯಾವಾಗ ಯಾರೂ ಇರಲ್ಲ ಅನ್ನುವುದು ಮರಳಿನ ಲಾರಿಯವರಿಗೆ, ನೀರಿನ ಟ್ಯಾಂಕರಿನವರಿಗೆ, ದಾರಿಯಲ್ಲಿ ಹೋಗುವವರಿಗೆ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ಕೆಲಸ ನಿಲ್ಲಿಸುವ ದಿನ ಮೇಸ್ತ್ರಿಯನ್ನೂ ಕೂರಿಸಿಕೊಂಡು ಸಾಮಾನು ಎಣಿಸಿ, ಬರೆದು, ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದಿಡಿ. ಆಮೇಲೆ ಸುಮ್ನೆ ಯಾರನ್ನೋ ಅನುಮಾನಿಸುವ ಪ್ರಮೇಯ ಬರಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಏಜೆಂಟರು ಹೇಳಿದ್ದು ಬಹುಶಃ ಸರಿ. ನಿಮ್ಮದು ಥರ್ಡ್ ಪಾರ್ಟಿ ಮಾತ್ರ ಇರಬೇಕು. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ, ನಿಮ್ಮ ನಷ್ಟಕ್ಕಲ್ಲ. ಕಂಟ್ರಾಕ್ಟರ್ಸ್ ಪ್ಲಾಂಟ್ ಆಂಡ್ ಮೆಷಿನರಿ ಪಾಲಿಸಿ ಅಂತ ಬೇರೆಯೇ ಇದೆ, ಸಿಪಿಎಂ ಅಂದರೆ ಗೊತ್ತಾಗುತ್ತದೆ. ಕಳವು, ಬೆಂಕಿ, ನೆರೆಗೆ ಅದರಲ್ಲಿ ರಕ್ಷಣೆ ಇದೆ. ತುಕ್ಕು, ಸವೆತ, ಮಷೀನು ತಾನಾಗಿ ಕೆಡುವುದು ಇವಕ್ಕೆ ಅದರಲ್ಲೂ ಇಲ್ಲ. ಇನ್ನೊಂದು ಎಚ್ಚರಿಕೆ. ಪ್ರೀಮಿಯಂ ಉಳಿಸಲು ಹಳೇ ಗಾಡಿಯ ಬೆಲೆಗೆ ಪಾಲಿಸಿ ಮಾಡಿಸಬೇಡಿ. ಅದೇ ತರದ ಹೊಸ ಮಷೀನಿನ ಬೆಲೆಗೆ ಮಾಡಿಸಬೇಕು, ಇಲ್ಲದಿದ್ದರೆ ಬರುವ ಪರಿಹಾರದಲ್ಲೂ ಅದೇ ಲೆಕ್ಕದಲ್ಲಿ ಕಡಿತ ಆಗುತ್ತದೆ. ಜೆಸಿಬಿಯ ಆರ್‌ಸಿ ನಿಮ್ಮ ಹೆಸರಿಗೆ ಆಗಿದೆಯಾ ನೋಡಿ. ಕೊಂಡ 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕಿತ್ತು. ಹಳೇ ಮಾಲೀಕರ ಹೆಸರಿನಲ್ಲೇ ಇದ್ದರೆ ಕ್ಲೇಮು, ದೂರು ಎರಡಕ್ಕೂ ತೊಡಕು.

ಕಳೆದ ವರ್ಷದ ಕಳವಿಗೆ ದೂರು ಕೊಟ್ಟಿರುವ ಬಗ್ಗೆ ನೀವು ಬರೆದಿಲ್ಲ. ತಡವಾದರೂ ಕೊಡಿ, ತಡವಾದ ಕಾರಣವನ್ನೂ ಬರೆಯಿರಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ. ಠಾಣೆಯಲ್ಲಿ ತಗೊಳ್ಳದಿದ್ದರೆ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ಬಿಲ್ಲು, ಎಂಜಿನ್ ನಂಬರ್, ಚಾಸಿಸ್ ನಂಬರ್, ಗುರುತಿನ ಫೋಟೋ ಇದ್ದರೆ ದೂರಿಗೆ ತೂಕ ಬರುತ್ತದೆ.

ಈಗ ಜಾಮ್ ಆದ ಎಂಜಿನ್. ಹ್ಯಾಂಡಲ್ ಹಾಕಿ ನಾಲ್ಕು ಜನ ಎಳೆದರೆ, ಇಲ್ಲವೇ ಟ್ರ್ಯಾಕ್ಟರಿಗೆ ಬೆಲ್ಟ್ ಕೊಟ್ಟು ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈಗ ಲೈನರ್, ಪಿಸ್ಟನ್ನಿನಲ್ಲಿ ಮುಗಿಯುವ ಕೆಲಸ ಆಮೇಲೆ ಕ್ರ್ಯಾಂಕ್‌ಶಾಫ್ಟಿನವರೆಗೆ ಹೋಗುತ್ತದೆ. ಮೆಕ್ಯಾನಿಕ್ ಕರೆಸಿ ಹೆಡ್ ಬಿಚ್ಚಿಸಿ. ಸಿಲಿಂಡರಿನ ನೀರು ತೆಗೆದು, ತುಕ್ಕು ಬಿಡಿಸುವ ಎಣ್ಣೆ ತುಂಬಿ ಕೆಲವು ದಿನ ಬಿಡಬೇಕು. ದಿನಕ್ಕೊಮ್ಮೆ ಫ್ಲೈವೀಲನ್ನು ಎರಡೂ ಕಡೆಗೆ ಮೆಲ್ಲಗೆ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಆಸೆ ಇದೆ ಅಂತ. ಜಾಮ್ ಬಿಟ್ಟ ಮೇಲೆ ಲೈನರಿನ ಒಳಮೈಗೆ ಬೆರಳಿನ ಉಗುರು ಎಳೆಯಿರಿ. ಉಗುರಿಗೆ ಗುಳಿ ಸಿಕ್ಕರೆ ಲೈನರ್, ಪಿಸ್ಟನ್, ರಿಂಗ್ ಸೆಟ್ಟೇ ಬದಲಾಯಿಸಿ. ಸಿಗದಿದ್ದರೆ ಹೋನಿಂಗ್ (ಒಳಮೈ ಉಜ್ಜಿ ಸಮ ಮಾಡುವುದು) ಮಾಡಿಸಿ, ಹೊಸ ರಿಂಗ್ ಹಾಕಿಸಿದರೆ ಸಾಕು. ನೀರು ಇಳಿದಿರುವುದರಿಂದ ಎಂಜಿನ್ ತಳದ ಸಂಪಿನ ಆಯಿಲೂ ಕೆಟ್ಟಿರುತ್ತದೆ. ಅದನ್ನು ಬದಲಾಯಿಸಿ, ಒಂದು ಗಂಟೆ ಓಡಿಸಿ, ಮತ್ತೆ ಒಮ್ಮೆ ಬದಲಾಯಿಸಿದ ಮೇಲೇ ಮಿಕ್ಸರನ್ನು ಕೆಲಸಕ್ಕೆ ಹಚ್ಚಿ.